ಗೂಟಿಯೊಳಗೆ ಕೂತು ಬರುವ ಕಳ್ಳ
ದಾಳಿಂಬೆ ಸಸಿಯ ರೇಟು ಕೇಳ್ತೀರಿ, ತಾಯಿ ಗಿಡ ಯಾವುದಂತ ಯಾವತ್ತಾದರೂ ಕೇಳಿದ್ದೀರಾ?

ಕಾನಹೊಸಹಳ್ಳಿ: ಕಳ್ಳ ಬಾಗಿಲು ಮುರಿದು ಬಂದರೆ ಪೊಲೀಸ್ ಠಾಣೆಗೆ ಹೋಗಿ ಕಂಪ್ಲೇಂಟು ಕೊಡಬಹುದು. ಅದೇ ಕಳ್ಳನಿಗೆ ನಾವೇ ದುಡ್ಡು ಕೊಟ್ಟು, ಟೆಂಪೋ ಬಾಡಿಗೆ ಕೊಟ್ಟು, ಕರೆತಂದು, ನೀರು ಹನಿಸಿ, ಹೊಲದೊಳಗೆ ಸಾಲಾಗಿ ಕೂರಿಸಿಕೊಂಡರೆ? ಆಗ ಯಾರ ಮೇಲೆ ಕಂಪ್ಲೇಂಟು ಕೊಡೋಣ ಹೇಳಿ?

ಇದು ಮನೆಗಳ್ಳತನದ ಸುದ್ದಿಯಲ್ಲ ಸ್ವಾಮಿ, ದಾಳಿಂಬೆ ಸಸಿಯ ಸುದ್ದಿ. ಸಸಿಯೊಳಗೆ ಕಣ್ಣಿಗೆ ಕಾಣದ ಹಾಗೆ ಅವಿತುಕೊಂಡು ಬರುವ ‘ದುಂಡಾಣು ಅಂಗಮಾರಿ’ ಎಂಬ ರೋಗದ ಸುದ್ದಿ. ತೋಟದವರ ಬಾಯಲ್ಲಿ ಇದು ಬರೀ ‘ದುಂಡಾಣು’. ಮಹಾರಾಷ್ಟ್ರದ ಕಡೆ ‘ತೇಲ್ಯಾ’ ಅಂತಾರೆ, ಅಂದರೆ ಎಣ್ಣೆ ರೋಗ. ಎಲೆ ಮೇಲೆ, ಕಾಯಿ ಮೇಲೆ ಎಣ್ಣೆ ತೊಟ್ಟಿಕ್ಕಿದಂತೆ ಚುಕ್ಕೆ ಕಾಣುವುದರಿಂದ ಆ ಹೆಸರು.

ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ ಅಂತ ದಿನಾ ಬಸ್ಸಿನಲ್ಲಿ ಓಡಾಡುವವರು ಕಿಟಕಿಯಿಂದ ನೋಡೇ ಇರುತ್ತೀರಿ. ಒಂದು ಕಡೆ ಮಳೆ ನಂಬಿ ಬಿತ್ತಿದ ಶೇಂಗಾ, ಮೆಕ್ಕೆಜೋಳ. ಇನ್ನೊಂದು ಕಡೆ ಡ್ರಿಪ್ ಪೈಪು ಎಳೆದ ಸಾಲು, ಸಾಲಿನಲ್ಲಿ ಮುಳ್ಳು ಮುಳ್ಳಾದ ಗಿಡ, ಗಿಡದ ತುಂಬ ಕೆಂಪು ಹೂವು. ಅದೇ ದಾಳಿಂಬೆ. ಕಡಿಮೆ ನೀರು, ಕೆಂಪು ಮಸಾರಿ ಭೂಮಿ, ಒಣ ಹವೆ ಇದ್ದರೂ ಸಾಕು, ಬದುಕುತ್ತದೆ. ಕೈ ಹಿಡಿದರೆ ಒಂದೇ ಬೆಳೆಗೆ ಮನೆ ಮೇಲೆ ಮಾಳಿಗೆ ಏಳುತ್ತದೆ. ಕೈ ಬಿಟ್ಟರೆ? ಅದೇ ಇವತ್ತಿನ ವಿಷಯ.

ಅಂಗಡಿ ಉದ್ರಿಗೂ ಚುಕ್ಕೆ

‘ನಮ್ಮದು ಕಿರಾಣಿ ಅಂಗಡಿ, ನಮಗ್ಯಾಕ್ರೀ ದಾಳಿಂಬೆ ಪುರಾಣ?’ ಅನ್ನುವವರಿಗೆ ಒಂದು ಮಾತು. ನಿಮ್ಮ ಉದ್ರಿ ಪುಸ್ತಕ ತೆಗೆದು ನೋಡಿ. ತೋಟ ಮಾಡಿದವರ ಖಾತೆ ಎಷ್ಟಿವೆ? ‘ಕಾಯಿ ಕೊಟ್ಟ ಮೇಲೆ ಕೊಡ್ತೀನಿ ಸಾವ್ಕಾರ್ರೆ’ ಅನ್ನೋ ಮಾತಿನ ಮೇಲೆ ಗೊಬ್ಬರದಂಗಡಿ ನಡೆಯುತ್ತದೆ, ಪೈಪಿನ ಅಂಗಡಿ ನಡೆಯುತ್ತದೆ, ಜವಳಿ ಅಂಗಡಿಯೂ ನಡೆಯುತ್ತದೆ. ಕಾಯಿ ಕೀಳುವ ದಿನ ಕೂಲಿಯವರಿಗೆ ಸಂಬಳ, ಟೀ ಅಂಗಡಿಗೆ ವ್ಯಾಪಾರ, ಲಾರಿಯವನಿಗೆ ಬಾಡಿಗೆ.

ದಾಳಿಂಬೆ ಅಂದರೆ ಒಂದು ಮಳೆಯ ಬೆಳೆ ಅಲ್ಲ. ಶೇಂಗಾ ಕೆಟ್ಟರೆ ಮುಂದಿನ ಮುಂಗಾರಿಗೆ ಬೇರೆ ಬೀಜ ಹಾಕಬಹುದು. ದಾಳಿಂಬೆ ಹಾಗಲ್ಲ. ಗುಂಡಿ ತೆಗೆದು, ಪೈಪು ಹಾಕಿ, ಬೋರ್‌ವೆಲ್ ಕೊರೆಸಿ, ಕೊನೇ ಪಕ್ಷ ಹತ್ತು ಹದಿನೈದು ವರ್ಷ ಫಲ ಉಣ್ಣೋಣ ಅಂತ ಕಟ್ಟಿದ ತೋಟ. ಅದು ಮೂರನೇ ವರ್ಷಕ್ಕೇ ಹೋದರೆ ರೈತನ ಸಾಲ ಉಳಿಯುತ್ತದೆ, ನಿಮ್ಮ ಉದ್ರಿಯೂ ಉಳಿಯುತ್ತದೆ.

ರೋಗದ ಜಾತಕ

ಈ ರೋಗ ಹೊಸದೇನಲ್ಲ. ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1952ರಲ್ಲಿ, ದಿಲ್ಲಿಯಲ್ಲಿ. ಆಗ ಅದನ್ನು ಎಲೆ ಚುಕ್ಕೆ ಅಂತ ಮಾತ್ರ ಬರೆದುಕೊಂಡರು. 1959ರಲ್ಲಿ ವಿಜ್ಞಾನಿಗಳು ಈ ದುಂಡಾಣುವಿಗೆ ಕ್ಸಾಂಥೋಮೋನಾಸ್ ಕುಲದಲ್ಲಿ ಒಂದು ಹೆಸರಿಟ್ಟರು. ಬಹಳ ವರ್ಷ ಇದು ಅಷ್ಟೇನೂ ಭಾರಿ ರೋಗ ಅನ್ನಿಸಲಿಲ್ಲ. ದಾಳಿಂಬೆ ಅಲ್ಲಿ ಒಂದು ಇಲ್ಲಿ ಒಂದು ತೋಟ ಇದ್ದ ಕಾಲ ಅದು.

ಆಮೇಲೆ ತೋಟ ಹೆಚ್ಚಾದವು. ಮೊದಲು ‘ಗಣೇಶ’ ತಳಿ, ಅದರ ಹಿಂದೆ ಕೆಂಪು ಕಾಳಿನ ‘ಭಗ್ವಾ’. ಭಗ್ವಾವನ್ನೇ ನಮ್ಮ ಕಡೆ ಕೆಲವರು ‘ಕೇಸರ್’ ಅಂತ ಕರೆಯುವುದು. ಒಬ್ಬರ ತೋಟದ ಪಕ್ಕ ಇನ್ನೊಬ್ಬರ ತೋಟ, ಎಲ್ಲರದೂ ಒಂದೇ ತಳಿ. ರೋಗಕ್ಕೆ ಹಬ್ಬ! 2000ದ ನಂತರದ ದಶಕದಲ್ಲಿ ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಅಂಗಮಾರಿ ಹಬ್ಬಿ ತೋಟಕ್ಕೆ ತೋಟವೇ ಮಣ್ಣುಪಾಲಾಯಿತು. ಬಾಗಲಕೋಟೆ, ಕೊಪ್ಪಳ, ವಿಜಯಪುರದ ಕಡೆ ರೈತರು ಗಿಡ ಕಿತ್ತು ಬೆಂಕಿ ಇಟ್ಟರು. ಸಾಲ ಮನ್ನಾ ಮಾಡಿ ಅಂತ ದಾಳಿಂಬೆ ಬೆಳೆಗಾರರು ವರ್ಷಗಟ್ಟಲೆ ಕೂಗಿದರು. ಆ ಹೊತ್ತಿಗೆ ಕೇಂದ್ರ ಸರ್ಕಾರ 2005ರಲ್ಲಿ ಸೊಲ್ಲಾಪುರದಲ್ಲಿ ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ತೆರೆಯಿತು.

ರೋಗದ ಗುರುತು ಎಲ್ಲ ತೋಟದವರಿಗೂ ಗೊತ್ತು. ಮೊದಲು ಎಲೆ ಮೇಲೆ ನೀರು ಇಂಗಿದಂಥ ಸಣ್ಣ ಚುಕ್ಕೆ. ಆಮೇಲೆ ಅದು ಕಂದಾಗಿ, ಕಪ್ಪಾಗಿ, ಸುತ್ತ ಹಳದಿ ಉಂಗುರ. ಎಲೆ ಉದುರುತ್ತದೆ. ರೆಂಬೆಯ ಗಿಣ್ಣಿನಲ್ಲಿ ಕಪ್ಪು ಗಾಯ, ಗಾಯ ಆಳವಾದರೆ ರೆಂಬೆ ಅಲ್ಲೇ ಮುರಿಯುತ್ತದೆ. ಕೊನೆಗೆ ಕಾಯಿ ಮೇಲೆ ಎಣ್ಣೆ ಚುಕ್ಕೆ, ಚುಕ್ಕೆ ನಡುವೆ ನಕ್ಷತ್ರದ ಹಾಗೆ ಬಿರುಕು. ಬಿರುಕು ಬಾಯಿ ಬಿಟ್ಟು ಹಣ್ಣು ಸೀಳುತ್ತದೆ. ಒಳಗೆ ಕಾಳು ಚೆನ್ನಾಗೇ ಇದ್ದರೂ ಮಾರ್ಕೆಟ್ಟಿನಲ್ಲಿ ಅದನ್ನು ಮೂಸುವವರಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಇದು ಗಿಡದ ರೋಗ, ಮನುಷ್ಯರ ರೋಗ ಅಲ್ಲ. ಚುಕ್ಕೆ ಬಿದ್ದ ದಾಳಿಂಬೆ ತಿಂದರೆ ಈ ದುಂಡಾಣು ನಮಗೆ ಅಂಟುವುದಿಲ್ಲ. ಇಲ್ಲದ ಸುದ್ದಿ ಹಬ್ಬಿಸಿ ತಳ್ಳುಗಾಡಿಯವರ ಹೊಟ್ಟೆ ಮೇಲೆ ಯಾರೂ ಹೊಡೆಯುವುದು ಬೇಡ.

ಗೂಟಿಯ ಗುಟ್ಟು

ಈಗ ಅಸಲು ಸಂಗತಿಗೆ ಬರೋಣ. ಮಳೆ ಹನಿ ಸಿಡಿದು, ಗಾಳಿ ಬೀಸಿ, ಈ ರೋಗ ಒಂದು ಗಿಡದಿಂದ ಪಕ್ಕದ ಗಿಡಕ್ಕೆ, ಒಂದು ತೋಟದಿಂದ ಪಕ್ಕದ ತೋಟಕ್ಕೆ ಹೋಗುತ್ತದೆ. ಸರಿ. ಆದರೆ ಸುತ್ತ ಎಲ್ಲೂ ದಾಳಿಂಬೆಯೇ ಇಲ್ಲದ ಹೊಲ, ಹೊಸದಾಗಿ ಗುಂಡಿ ತೆಗೆದು ನೆಟ್ಟ ತೋಟ, ಅಲ್ಲಿಗೆ ಹೇಗೆ ಬಂತು? ಮಳೆ ಹನಿ ನೂರಾರು ಮೈಲಿ ಹಾರುವುದಿಲ್ಲವಲ್ಲ!

ಸಸಿಯಲ್ಲಿ ಬಂತು. ದೂರದ ಊರಿಗೆ ಈ ರೋಗ ಹೋಗುವ ಮುಖ್ಯ ದಾರಿಯೇ ಸಸಿ ಅಂತ ವಿಜ್ಞಾನಿಗಳು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ.

ದಾಳಿಂಬೆ ಸಸಿಯನ್ನು ಬೀಜದಿಂದ ಮಾಡುವುದಿಲ್ಲ. ಬೀಜ ಹಾಕಿದರೆ ಗಿಡ ತಾಯಿಯ ಹಾಗೆ ಬರುವುದಿಲ್ಲ. ಅದಕ್ಕೇ ಗೂಟಿ ಕಟ್ಟುತ್ತಾರೆ. ಬೆಳೆದ ಗಿಡದ ರೆಂಬೆಯಲ್ಲಿ ಉಂಗುರದ ಅಗಲ ತೊಗಟೆ ಸುಲಿದು, ಬೇರು ಬರಿಸುವ ಔಷಧಿ ಹಚ್ಚಿ, ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ ಸುತ್ತಿ ಕಟ್ಟುತ್ತಾರೆ. ಒಂದೆರಡು ತಿಂಗಳಿಗೆ ಬೇರು ಬಿಡುತ್ತದೆ. ಆ ರೆಂಬೆ ಕತ್ತರಿಸಿ ಪಾಕೀಟಿಗೆ ಹಾಕಿ ನೆರಳು ಪರದೆ ಕೆಳಗೆ ಇಡುತ್ತಾರೆ.

ಅಂದರೆ ಏನಾಯಿತು? ಸಸಿ ಅಂತ ನಾವು ತರುವುದು ಹೊಸ ಜೀವ ಅಲ್ಲ, ಹಳೇ ಗಿಡದ ಒಂದು ತುಂಡು. ತಾಯಿಯ ಮೈಯೇ ಮಗು. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಿಜ. ತಾಯಿಯ ಗುಣವೂ ಬರುತ್ತದೆ, ತಾಯಿಯ ಮೈಯಲ್ಲಿದ್ದ ರೋಗವೂ ಬರುತ್ತದೆ.

‘ಗಿಡ ಹಸಿರಾಗಿ, ದಷ್ಟಪುಷ್ಟವಾಗಿತ್ತಲ್ಲ ಸ್ವಾಮಿ, ಒಂದು ಚುಕ್ಕೆನೂ ಇರಲಿಲ್ಲ’ ಅಂತ ಕೇಳಬಹುದು. ಅದೇ ಮೋಸ! ಕೋವಿಡ್ ಕಾಲ ನೆನಪು ಮಾಡಿಕೊಳ್ಳಿ. ಜ್ವರ ಇಲ್ಲ, ಕೆಮ್ಮು ಇಲ್ಲ, ಮನುಷ್ಯ ಗಟ್ಟಿಮುಟ್ಟು. ಮೂಗಿಗೆ ಕಡ್ಡಿ ಹಾಕಿ ಟೆಸ್ಟ್ ಮಾಡಿದರೆ ಪಾಸಿಟಿವ್! ಇಲ್ಲೂ ಹಾಗೇ. ದುಂಡಾಣು ರೆಂಬೆಯ ಮೊಗ್ಗಿನಲ್ಲಿ, ಗಿಣ್ಣಿನ ಸಣ್ಣ ಗಾಯದಲ್ಲಿ ಸುಮ್ಮನೆ ಕೂತಿರುತ್ತದೆ. ಒಣ ಹವೆಯಲ್ಲಿ ತಲೆ ಎತ್ತುವುದಿಲ್ಲ. ತಂಪು, ತೇವ, 28ರಿಂದ 30 ಡಿಗ್ರಿ ಆಸುಪಾಸಿನ ಬಿಸಿ ಸಿಕ್ಕಿತೋ, ಎದ್ದು ಕೂರುತ್ತದೆ.

ನರ್ಸರಿಯಲ್ಲಿ ಅದಕ್ಕೆ ರಾಜೋಪಚಾರ. ನೆರಳು ಪರದೆ, ದಿನಾ ನೀರು, ಒತ್ತೊತ್ತಾಗಿ ಜೋಡಿಸಿದ ಪಾಕೀಟು. ಒಂದು ಸಸಿಯಲ್ಲಿ ರೋಗ ಇದ್ದರೂ ನೀರು ಹಾಕುವಾಗ ಸಿಡಿಯುವ ಹನಿಯಲ್ಲಿ ಪಕ್ಕದ ಸಸಿಗೆ ದಾಟುತ್ತದೆ. ತೊಗಟೆ ಸುಲಿಯುವ ಚಾಕು, ರೆಂಬೆ ಕತ್ತರಿಸುವ ಕತ್ತರಿ ಇವೂ ರೋಗವನ್ನು ಹೊತ್ತು ತಿರುಗುತ್ತವೆ.

ಇನ್ನು ಗೂಟಿ ಕಟ್ಟುವುದು ಎಲ್ಲಿ? ಸ್ವಂತ ತಾಯಿ ಗಿಡದ ತೋಟ ಇಟ್ಟು, ಪರೀಕ್ಷೆ ಮಾಡಿಸಿ, ಅದರಿಂದಲೇ ಸಸಿ ಮಾಡುವ ನರ್ಸರಿಗಳಿವೆ. ಅವರಿಗೆ ನಮಸ್ಕಾರ. ಹಾಗಲ್ಲದೆ, ಯಾರದೋ ತೋಟದಲ್ಲಿ ಗೂಟಿ ಕಟ್ಟಿಸಿ ತಂದು ಮಾರುವುದೂ ಉಂಟು. ಕಾಯಿ ಸರಿಯಾಗಿ ಬಾರದ ತೋಟದವನಿಗೆ ‘ಗೂಟಿಯಾದರೂ ಮಾರಿ ನಾಲ್ಕು ಕಾಸು ಮಾಡಿಕೊಳ್ಳೋಣ’ ಅಂತ ಆಸೆ ಹುಟ್ಟಿದರೆ ತಡೆಯುವವರು ಯಾರು? ಕಾಯಿ ಯಾಕೆ ಬರಲಿಲ್ಲ ಅಂತ ಕೇಳುವವರು ಯಾರು?

ಎರಡು ವರ್ಷದ ಮೇಲೆ ಬಯಲು

ಈ ಕಳ್ಳನಿಗೆ ಇನ್ನೊಂದು ಅನುಕೂಲ ಇದೆ. ಅದು ಕಾಲ.

ಸಸಿ ನೆಟ್ಟ ಮೊದಲ ವರ್ಷ ಗಿಡ ಸಣ್ಣದು. ಎಲೆ ಮೇಲೆ ಒಂದೆರಡು ಚುಕ್ಕೆ ಬಂದರೂ ‘ಬಿಸಿಲಿಗೆ ಆಗಿರಬೇಕು’ ಅಂತ ಬಿಡುತ್ತಾರೆ. ಒಂದೂವರೆ ಎರಡು ವರ್ಷಕ್ಕೆ ಮೊದಲ ಬಹರ್ ಹಿಡಿಯುತ್ತಾರೆ. ಮೃಗಶಿರ ಮಳೆ ಹೊತ್ತಿಗೆ ಹಿಡಿದರೆ ಮೃಗ ಬಹರ್, ಹಸ್ತ ಮಳೆ ಹೊತ್ತಿಗೆ ಹಿಡಿದರೆ ಹಸ್ತ ಬಹರ್. ಹೂವಿನಿಂದ ಹಣ್ಣಿಗೆ ಐದಾರು ತಿಂಗಳು. ಮೃಗ ಬಹರ್ ಹಿಡಿದವನ ಕಾಯಿ ನಿಂಬೆ ಗಾತ್ರ ಆಗುವ ಹೊತ್ತಿಗೆ ಜಡಿಮಳೆ. ಅಷ್ಟು ದಿನ ಮಲಗಿದ್ದ ದುಂಡಾಣು ಒಂದೇ ವಾರದಲ್ಲಿ ತೋಟ ತುಂಬ!

ಆಗ ರೈತ ಯಾರನ್ನು ಬೈಯುತ್ತಾನೆ? ಮಳೆಯನ್ನು ಬೈಯುತ್ತಾನೆ. ಪಕ್ಕದ ತೋಟದವನನ್ನು ಬೈಯುತ್ತಾನೆ. ಔಷಧಿ ಅಂಗಡಿಯವನು ಡೂಪ್ಲಿಕೇಟ್ ಕೊಟ್ಟ ಅಂತಾನೆ. ಯಾರೋ ದೃಷ್ಟಿ ಹಾಕಿದರು ಅಂತಾನೆ. ಎರಡು ವರ್ಷದ ಹಿಂದೆ ಸಸಿ ತಂದ ನರ್ಸರಿ ನೆನಪಿಗೆ ಬರುವುದಿಲ್ಲ. ಬಂದರೂ ಕೈಯಲ್ಲಿ ಬಿಲ್ಲಿಲ್ಲ. ಬಿಲ್ಲಿದ್ದರೂ ‘ನಮ್ಮ ಗಿಡ ಸರಿಯಿತ್ತು, ನಿಮ್ಮ ಹೊಲದಲ್ಲಿ ಬಂದಿರಬೇಕು’ ಅನ್ನುವ ಮಾತಿಗೆ ಉತ್ತರ ಇಲ್ಲ.

ನರ್ಸರಿಯವರೆಲ್ಲ ಮೋಸಗಾರರು ಅಂತ ಈ ಪತ್ರಿಕೆ ಹೇಳುವುದಿಲ್ಲ. ಎಷ್ಟೋ ಜನಕ್ಕೆ ತಮ್ಮ ತಾಯಿ ಗಿಡದಲ್ಲಿ ರೋಗ ಇರುವುದು ತಮಗೇ ಗೊತ್ತಿರುವುದಿಲ್ಲ. ಗಿಡ ಪಕ್ಕದ ತೋಟದಿಂದ ರೋಗ ಹಚ್ಚಿಕೊಂಡಿರುವುದೂ ಉಂಟು. ಆದರೆ ಪರೀಕ್ಷೆ ಇಲ್ಲದ ಕಡೆ ಒಳ್ಳೆಯವನೂ ಕೆಟ್ಟವನೂ ಒಂದೇ ತಕ್ಕಡಿಯಲ್ಲಿ ಕೂರುತ್ತಾರೆ. ಒಳ್ಳೆ ಸಸಿ ಮಾಡುವವನಿಗೆ ಖರ್ಚು ಜಾಸ್ತಿ, ರೇಟೂ ಜಾಸ್ತಿ, ಗಿರಾಕಿ ಕಡಿಮೆ. ಇದು ನ್ಯಾಯವೇ?

ಔಷಧಿ ಹೊಡೆದರೆ ಆಯ್ತಲ್ಲ?

ಆಗುವುದಿಲ್ಲ. ರೋಗ ಬಂದ ಮೇಲೆ ತಾಮ್ರದ ಔಷಧಿ, ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ, ಅದರ ಜೊತೆ ಸ್ಟ್ರೆಪ್ಟೋಸೈಕ್ಲಿನ್ ಪುಡಿ ಹೊಡೆಯುವುದು ರೂಢಿ. ಹೊಡೆದರೆ ರೋಗ ತಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ. ಸಿಂಪರಣೆ ಎಲೆ ಮೇಲೆ ಬೀಳುತ್ತದೆ, ಗಾಯದ ಆಳದಲ್ಲಿ ಅವಿತ ದುಂಡಾಣುವಿಗೆ ಮುಟ್ಟುವುದು ಕಷ್ಟ. ಮಳೆ ಬಂದರೆ ತೊಳೆದು ಹೋಗುತ್ತದೆ, ಮತ್ತೆ ಹೊಡೀಬೇಕು, ಮತ್ತೆ ಖರ್ಚು.

ಸ್ಟ್ರೆಪ್ಟೋಸೈಕ್ಲಿನ್ ಅಂದರೆ ಏನು ಅಂತ ಎಷ್ಟು ಜನಕ್ಕೆ ಗೊತ್ತು? ಕ್ಷಯ ರೋಗಿಗೆ ಇಂಜೆಕ್ಷನ್ ಕೊಡುತ್ತಿದ್ದ ಸ್ಟ್ರೆಪ್ಟೋಮೈಸಿನ್ ಇದೆಯಲ್ಲ, ಅದೇ ಮದ್ದು, ಸ್ವಲ್ಪ ಟೆಟ್ರಾಸೈಕ್ಲಿನ್ ಸೇರಿಸಿದ್ದು. ಮನುಷ್ಯರ ಆಸ್ಪತ್ರೆಯ ಮದ್ದನ್ನು ತೋಟಕ್ಕೆ ಸುರಿದರೆ ರೋಗಾಣುಗಳು ಮದ್ದಿಗೆ ಪಳಗುತ್ತವೆ, ನಾಳೆ ಮನುಷ್ಯರಿಗೇ ಮದ್ದು ಹತ್ತುವುದಿಲ್ಲ ಎಂಬ ಭಯ ಇದೆ. ಇದೇ ಕಾರಣಕ್ಕೆ ಕೇಂದ್ರ ಕೃಷಿ ಮಂತ್ರಾಲಯ 2021ರ ಡಿಸೆಂಬರಿನಲ್ಲಿ ಬೇಸಾಯದಲ್ಲಿ ಇವುಗಳ ಬಳಕೆ ನಿಲ್ಲಿಸುವ ಕರಡು ಆದೇಶ ಹೊರಡಿಸಿತ್ತು.

ರೋಗ ತಡೆಯುವ ತಳಿ ಹಾಕೋಣ ಅಂದರೆ, ಮಾರ್ಕೆಟ್ಟಿನಲ್ಲಿ ಓಡುವ ಭಗ್ವಾಕ್ಕೂ ತಡೆಯುವ ಶಕ್ತಿ ಇಲ್ಲ, ಗಣೇಶಕ್ಕೂ ಇಲ್ಲ. ಟಿಶ್ಯೂ ಕಲ್ಚರ್ ಗಿಡ ತಂದರೆ? ಒಳ್ಳೆಯದೇ. ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿದ ತಾಯಿ ಗಿಡದಿಂದ ಮಾಡಿದ್ದಾದರೆ ಶುದ್ಧವಾಗಿರುತ್ತದೆ. ಆದರೆ ಟಿಶ್ಯೂ ಕಲ್ಚರ್ ಅಂದಾಕ್ಷಣ ಗಂಗಾಸ್ನಾನ ಆದಂತಲ್ಲ. ಗಿಡ ಶುದ್ಧವಾಗಿ ಬಂದರೂ ರೋಗ ತಡೆಯುವ ಕವಚ ಅದಕ್ಕಿಲ್ಲ. ರೋಗದ ತೋಟದ ಪಕ್ಕ ನೆಟ್ಟರೆ ಅದಕ್ಕೂ ಹತ್ತುತ್ತದೆ.

ಒಟ್ಟಿನಲ್ಲಿ ಮನೆಯೊಳಗೆ ಬಂದ ಮೇಲೆ ಓಡಿಸುವುದು ಕಷ್ಟ. ಬಾಗಿಲಲ್ಲೇ ತಡೆಯುವುದು ಒಂದೇ ದಾರಿ.

ಬೇರೆಯವರು ಕೆಟ್ಟು ಕಲಿತದ್ದು

ಸಸಿಯಲ್ಲಿ ರೋಗ ಬಂದು ಕೆಟ್ಟವರು ನಾವೊಬ್ಬರೇ ಅಲ್ಲ. ನಿಂಬೆ ಗಿಡದ ಕಜ್ಜಿ ರೋಗ ಎಲ್ಲರಿಗೂ ಗೊತ್ತು. ಅದರ ದುಂಡಾಣು ನಮ್ಮ ದಾಳಿಂಬೆ ದುಂಡಾಣುವಿನ ಸೋದರ ಸಂಬಂಧಿ. ಅಮೆರಿಕದ ಫ್ಲಾರಿಡಾ ರಾಜ್ಯಕ್ಕೆ ಆ ಕಜ್ಜಿ 1910ರ ಸುಮಾರಿಗೆ ಬಂತು. ಹೇಗೆ? ಜಪಾನಿನಿಂದ ತರಿಸಿದ ನರ್ಸರಿ ಸಸಿಗಳ ಜೊತೆ. ಆಮೇಲೆ ಸರ್ಕಾರ ಅಲ್ಲಿ ಏನು ಮಾಡಿತು ಗೊತ್ತೇ? ತೋಟದ ಗಿಡ ಎರಡೂವರೆ ಲಕ್ಷ, ನರ್ಸರಿ ಸಸಿ ಸುಮಾರು 30 ಲಕ್ಷ ಸುಟ್ಟು ಬೂದಿ ಮಾಡಿತು. 1933ರ ಹೊತ್ತಿಗೆ ರೋಗ ಹೋಯಿತು ಅಂತ ಸಾರಿದರು. ಲೆಕ್ಕ ನೋಡಿ. ತೋಟದ ಒಂದು ಗಿಡಕ್ಕೆ ನರ್ಸರಿಯ ಹನ್ನೆರಡು ಸಸಿ. ಬೆಂಕಿ ಎಲ್ಲಿ ಹಚ್ಚಬೇಕು ಅಂತ ಅವರಿಗೆ ಗೊತ್ತಿತ್ತು.

ದೂರ ಬೇಡ, ನಮ್ಮ ಕೊಡಗಿನ ಕಿತ್ತಳೆ. ಒಂದು ಕಾಲಕ್ಕೆ ಕಾಫಿ ತೋಟದ ತುಂಬ ಕಿತ್ತಳೆ. ಇವತ್ತು ಹುಡುಕಿ ತಿನ್ನಬೇಕು. ಅದು ಸೊರಗಲು ಹಲವು ಕಾರಣ, ಅದರಲ್ಲಿ ‘ಗ್ರೀನಿಂಗ್’ ಎಂಬ ದುಂಡಾಣು ರೋಗವೂ ಒಂದು. ಅದು ಸಣ್ಣ ಹುಳುವಿನಿಂದಲೂ ಹರಡುತ್ತದೆ, ರೋಗದ ಗಿಡದಿಂದ ತೆಗೆದ ಕಸಿ ಕಡ್ಡಿಯಿಂದಲೂ ಹರಡುತ್ತದೆ. ಕಸಿ ಕಟ್ಟಿದ ದಿನ ಏನೂ ಕಾಣುವುದಿಲ್ಲ, ಗಿಡ ಸೊರಗುವುದು ಆಮೇಲೆ.

ನಮ್ಮ ದಾಳಿಂಬೆ ಅಂಗಮಾರಿಯಂತೂ ಈಗ ಪರದೇಶಕ್ಕೂ ಹೋಗಿ ಬಂದಿದೆ! 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲೂ ವರದಿಯಾಯಿತು.

ಕಾನೂನು ಏನು ಹೇಳುತ್ತೆ?

ರೈತ ಬಡಪಾಯಿ, ಕೇಳುವವರಿಲ್ಲ ಅಂತ ಸುಮ್ಮನಿರಬೇಕಾಗಿಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ, ಬೀಜ ಕೆಟ್ಟಿದ್ದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ರಾಷ್ಟ್ರೀಯ ಬೀಜ ನಿಗಮದಂಥ ಸರ್ಕಾರಿ ಸಂಸ್ಥೆಯೇ ಆ ಕೇಸಿನಲ್ಲಿ ಸೋತಿತು. 2019ರ ಗ್ರಾಹಕ ಕಾಯಿದೆ ಪ್ರಕಾರ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಂಡ ಮಾಲು 5 ಲಕ್ಷ ರೂಪಾಯಿ ಒಳಗಿದ್ದರೆ ಫೀಸೂ ಇಲ್ಲ.

ಆದರೆ ಒಂದು ಮುಳ್ಳಿದೆ. ದೂರಿಗೆ ಕಾರಣ ಹುಟ್ಟಿದ ಮೇಲೆ 2 ವರ್ಷದೊಳಗೆ ಹೋಗಬೇಕು. ನಮ್ಮ ರೋಗ ಬಯಲಾಗುವುದೇ ಎರಡು ವರ್ಷಕ್ಕೆ! ಕಾರಣ ಹುಟ್ಟಿದ್ದು ಸಸಿ ಕೊಂಡ ದಿನವೋ ರೋಗ ಕಂಡ ದಿನವೋ ಅಂತ ವಕೀಲರು ವಾದ ಹೂಡುತ್ತಾರೆ. ಆ ವಾದ ಗೆಲ್ಲಬೇಕಾದರೂ ಕೈಯಲ್ಲಿ ಬಿಲ್ ಬೇಕು, ಪ್ರಯೋಗಶಾಲೆಯ ರಿಪೋರ್ಟು ಬೇಕು. ಬಿಳಿ ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕ ಬಿಲ್ ಅಲ್ಲ.

ದಿಲ್ಲಿ ಸರ್ಕಾರಕ್ಕೂ ಈಗ ಎಚ್ಚರ ಆದಂತಿದೆ. 2024ರ ಆಗಸ್ಟ್ 9ರಂದು ಕೇಂದ್ರ ಸಂಪುಟ 1,765.67 ಕೋಟಿ ರೂಪಾಯಿಯ ‘ಕ್ಲೀನ್ ಪ್ಲಾಂಟ್’ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಅಂದರೆ ರೋಗ ಇಲ್ಲದ ತಾಯಿ ಗಿಡ ಬೆಳೆಸಿ ನರ್ಸರಿಗಳಿಗೆ ಕೊಡುವ ಯೋಜನೆ. ದೇಶದಲ್ಲಿ 9 ಕೇಂದ್ರ. ದಾಳಿಂಬೆಯ ಕೇಂದ್ರ ಸೊಲ್ಲಾಪುರದಲ್ಲಿ. ಮಾವು, ಪೇರಲಕ್ಕೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಒಂದು. ಒಳ್ಳೆಯದು. ಕೋಟಿ ಲೆಕ್ಕ ಕಾಗದದಲ್ಲಿ ಬಂತು, ಗಿಡದ ಲೆಕ್ಕ ನಮ್ಮ ಹೊಲಕ್ಕೆ ಬರುವ ತನಕ ರೈತ ಏನು ಮಾಡಬೇಕು?

ಸಸಿ ತರುವ ಮುಂಚೆ

ಒಂದು ಎಕರೆಗೆ 15 ಅಡಿಗೆ 10 ಅಡಿ ಅಂತರದಲ್ಲಿ ನೆಟ್ಟರೆ ಸುಮಾರು 290 ಸಸಿ ಬೇಕು. ‘ಅಲ್ಲಿ ಐದು ರೂಪಾಯಿ ಕಡಿಮೆ’ ಅಂತ ಓಡಿದರೆ ಎಕರೆಗೆ ಉಳಿಯುವುದು 1,450 ರೂಪಾಯಿ. ಅದು ಒಂದು ಸಲ ಔಷಧಿ ಹೊಡೆಯುವ ಖರ್ಚಿಗೂ ಸಾಲುವುದು ಅನುಮಾನ. ಆದ್ದರಿಂದ ನರ್ಸರಿ ಬಾಗಿಲಲ್ಲಿ ಮಾತು ಹೀಗೆ ನಡೆಯಲಿ:

‘ಗೂಟಿ ಎಲ್ಲಿ ಕಟ್ಟಿಸಿದ್ರಿ ಯಜಮಾನ್ರೆ?’

‘ನಮ್ಮದೇ ತ್ವಾಟದಾಗೆ.’

‘ಹಂಗಾದ್ರೆ ಒಂದು ಸುತ್ತು ಹಾಕ್ಕಂಡು ಬರ್ತೀನಿ, ತೋರಿಸ್ರಿ.’

‘ಅದು ಭಾಳ ದೂರ ಐತೆ ಬಿಡ್ರಿ. ಗಿಡ ನೋಡ್ರಿ, ಗ್ಯಾರಂಟಿ ಮಾಲು.’

ಮಾತು ಇಲ್ಲಿಗೆ ಬಂತೋ, ‘ಬರ್ತೀನ್ರೀ’ ಅಂತ ಹೇಳಿ ಹಿಂದಕ್ಕೆ ಬಸ್ ಹತ್ತಿ. ತಾಯಿ ಗಿಡ ತೋರಿಸದವನ ಗ್ಯಾರಂಟಿ ನೀರ ಮೇಲಿನ ಬರಹ.

ತೋರಿಸುವವನಾದರೆ ಮಳೆಗಾಲದಲ್ಲಿ ಹೋಗಿ ನೋಡಿ. ಬೇಸಿಗೆಯಲ್ಲಿ ಎಲೆ ಉದುರಿದಾಗ ಎಲ್ಲ ಗಿಡವೂ ಸಾಧು. ಮಳೆ ಬಿದ್ದು ಹತ್ತು ಹದಿನೈದು ದಿನಕ್ಕೆ ಹೋದರೆ ನಿಜ ಬಣ್ಣ ಗೊತ್ತಾಗುತ್ತದೆ. ಎಲೆ ಮಾತ್ರ ಅಲ್ಲ, ರೆಂಬೆಯ ಗಿಣ್ಣು ನೋಡಿ, ಗಿಡದ ಬುಡದಲ್ಲಿ ಬಿದ್ದ ಕಾಯಿ ನೋಡಿ. ಪಕ್ಕದ ತೋಟವನ್ನೂ ನೋಡಿ.

ಪರೀಕ್ಷೆ ಮಾಡಿಸಿದ ಕಾಗದ ಇದ್ದರೆ ಕೇಳಿ. ಕೋವಿಡ್‌ಗೆ ಮಾಡಿದಂಥ ಪಿಸಿಆರ್ ಪರೀಕ್ಷೆ ಗಿಡಕ್ಕೂ ಇದೆ, ಕಣ್ಣಿಗೆ ಕಾಣದ ಸೋಂಕನ್ನೂ ಅದು ಹಿಡಿಯುತ್ತದೆ. ಹತ್ತು ಗಿಡ ಪರೀಕ್ಷೆ ಮಾಡಿದ ಕಾಗದ ಹತ್ತು ಸಾವಿರ ಗಿಡಕ್ಕೆ ಪೂರ್ತಿ ಭರವಸೆ ಅಲ್ಲ, ಆದರೂ ಕಾಗದ ಇರುವವನು ಇಲ್ಲದವನಿಗಿಂತ ಮೇಲು. ರಾಷ್ಟ್ರೀಯ ತೋಟಗಾರಿಕಾ ಮಂಡಳಿ ಮಾನ್ಯತೆ ಕೊಟ್ಟ ನರ್ಸರಿಯೇ ಅಂತಲೂ ವಿಚಾರಿಸಿ.

ಬಿಲ್ ಬರೆಸಿಕೊಳ್ಳಿ. ತಳಿ, ಸಂಖ್ಯೆ, ತಾರೀಖು, ತಾಯಿ ಗಿಡ ಎಲ್ಲಿಯದು, ಇಷ್ಟೂ ಅದರಲ್ಲಿ ಇರಲಿ. ಜಾತಕ, ಭೂಮಿ ಪತ್ರದ ಜೊತೆ ಅದನ್ನೂ ಟ್ರಂಕಿನಲ್ಲಿ ಇಡಿ.

ಸಸಿ ತಂದ ದಿನವೇ ನೆಡಬೇಡಿ. ಹಳೇ ತೋಟದಿಂದ ದೂರ ಇಟ್ಟು ಕೆಲವು ವಾರ ಕಾಯಿರಿ. ಚುಕ್ಕೆ ಕಂಡ ಸಸಿ ಸುಟ್ಟುಬಿಡಿ. ಹಳ್ಳಕ್ಕೆ, ಬದುವಿಗೆ ಎಸೆಯಬೇಡಿ. ಬಿದ್ದ ಎಲೆಯಲ್ಲೂ ದುಂಡಾಣು ತಿಂಗಳುಗಟ್ಟಲೆ ಬದುಕಿರುತ್ತದೆ. ರೆಂಬೆ ಸವರಲು ಬರುವ ಕೂಲಿ ತಂಡ ನಿನ್ನೆ ಯಾರ ತೋಟದಲ್ಲಿತ್ತು ಅಂತ ಕೇಳಿ, ಕತ್ತರಿಯನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿಸಿಯೇ ಒಳಗೆ ಬಿಡಿ. ಅವರಿಗೆ ಬೇಜಾರಾದರೂ ಚಿಂತೆಯಿಲ್ಲ.

ಕಚೇರಿಯವರಿಗೆ ಎರಡು ಮಾತು

ಕೂಡ್ಲಿಗಿ ತಾಲ್ಲೂಕು 2021ರಲ್ಲಿ ಬಳ್ಳಾರಿ ಬಿಟ್ಟು ವಿಜಯನಗರ ಜಿಲ್ಲೆಗೆ ಸೇರಿತು. ಕಚೇರಿಗಳ ಬೋರ್ಡು ಬದಲಾಯಿತು. ಬೋರ್ಡಿನ ಪಕ್ಕ ಇನ್ನೊಂದು ಬೋರ್ಡಿಗೂ ಜಾಗ ಇದೆಯಲ್ಲ? ತಾಯಿ ಗಿಡ ಪರೀಕ್ಷೆ ಆದ ನರ್ಸರಿಗಳು ಯಾವುವು, ಪರೀಕ್ಷೆ ಆದ ತಾರೀಖು ಯಾವುದು ಅಂತ ತಾಲ್ಲೂಕು ತೋಟಗಾರಿಕೆ ಕಚೇರಿ ಮುಂದೆ, ರೈತ ಸಂಪರ್ಕ ಕೇಂದ್ರದ ಗೋಡೆ ಮೇಲೆ ಬರೆಸಿದರೆ ಎಷ್ಟು ಖರ್ಚಾದೀತು? ಒಂದು ಡಬ್ಬಿ ಬಣ್ಣ, ಒಬ್ಬ ಪೇಂಟರ್. ಡ್ರಿಪ್ ಪೈಪಿಗೆ ಸಹಾಯಧನ ಕೊಡುವಾಗ ಕಂಪನಿ ಯಾವುದು, ಮಾರ್ಕು ಯಾವುದು ಅಂತ ಸಾವಿರ ಕಾಗದ ಕೇಳುತ್ತಾರೆ. ಆ ಪೈಪಿನಲ್ಲಿ ನೀರು ಕುಡಿಯುವ ಸಸಿ ಎಲ್ಲಿಂದ ಬಂತು ಅಂತ ಕೇಳುವ ಒಂದು ಕಾಲಂ ಆ ಅರ್ಜಿಯಲ್ಲಿ ಬೇಡವೇ?

ಹಳೇ 13ನೇ ನಂಬರಿನ ಹೆದ್ದಾರಿ, ಈಗಿನ 50, ನಮ್ಮೂರ ಮುಂದೇ ಹಾದುಹೋಗುತ್ತದೆ. ಉತ್ತರಕ್ಕೆ ಹೋದರೆ ದಾಳಿಂಬೆ ಸೀಮೆ, ದಕ್ಷಿಣಕ್ಕೆ ಹೋದರೂ ದಾಳಿಂಬೆ ಸೀಮೆ. ಸಸಿ ತುಂಬಿದ ಗಾಡಿ ಯಾವ ಕಡೆಯಿಂದಲಾದರೂ ಬರಬಹುದು. ಗಾಡಿಯಲ್ಲಿರುವುದು ತೋಟವೋ ರೋಗವೋ ಅಂತ ಹೇಳುವವರು ಇವತ್ತಿನ ತನಕ ದಾರಿಯಲ್ಲಿ ಯಾರೂ ಇಲ್ಲ.

ಹೆಣ್ಣು ತರುವಾಗ ಏಳು ತಲೆಮಾರು ವಿಚಾರಿಸುವ ಜನ ನಾವು. ಹದಿನೈದು ವರ್ಷ ಹೊಲದಲ್ಲಿ ಬಾಳಬೇಕಾದ ಗಿಡದ ಒಂದು ತಲೆಮಾರಾದರೂ ವಿಚಾರಿಸೋಣ. ಈ ಸಲ ಗುಂಡಿ ತೆಗೆಸಿದವರು ನಿಮ್ಮ ಅಂಗಡಿಗೆ ಗೊಬ್ಬರ ಕೇಳಲು ಬಂದರೆ, ಸಾವ್ಕಾರ್ರೆ, ಚೀಲ ಎತ್ತಿ ಕೊಡುವ ಮುಂಚೆ ನೀವೇ ಒಂದು ಮಾತು ಕೇಳಿ: ‘ಸಸಿ ಎಲ್ಲಿಂದ ತರ್ತೀರಪ್ಪಾ? ತಾಯಿ ಗಿಡ ನೋಡಿದ್ರಾ?’